ತೊಳೆಯದ ಪಂಪು

ಇಂಡಿ ಪಟ್ಟಣದ ಹೊರಗಿನ ತಮ್ಮ ನರ್ಸರಿಗೆ ಸುನಂದಾ ಬಂದಾಗ ಗಂಡ ಸಿದ್ಧರಾಮ ಗುಲಾಬಿ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕಾಡುಗುಲಾಬಿಯ ತೊಗಟೆ ಸೀಳಿ, ಒಳಗೆ ಕೆಂಪು ಗುಲಾಬಿಯ ಕಣ್ಣು ಕೂರಿಸಿ, ಅವಳೇ ಪಟ್ಟಿ ಸುತ್ತಿದ್ದ ಗಿಡಗಳು. ಎಲ್ಲವೂ ಮುರುಟಿದ್ದವು. ಚಿಗುರಬೇಕಿದ್ದ ಕಣ್ಣುಗಳು ಕರಕಾಗಿದ್ದವು.

“ಇದು ಆ ಅಯ್ಯಂದ ಕೆಲಸ,” ಎಂದ.

ಅಯ್ಯ ಅಂದರೆ ಬೇಲಿಯಾಚೆಯ ನರ್ಸರಿಯ ಚನ್ನಬಸಯ್ಯ, ಸುನಂದಾಗೆ ಕಣ್ಣು ಕಸಿ ಕಲಿಸಿದ ಮುದುಕ. ಬಾಗೇವಾಡಿಯ ಗಿರಾಕಿಯೊಬ್ಬ ಇವರನ್ನು ಬಿಟ್ಟು ಅತ್ತ ಹೋದಾಗಿನಿಂದ ಸಿದ್ಧರಾಮ ಅವನ ಮೇಲೆ ಹಲ್ಲು ಕಡಿಯುತ್ತಲೇ ಇದ್ದ.

“ತಡೀರಿ, ಮೊದಲ ನೋಡೋಣು,” ಎಂದು ಸುನಂದಾ ಹೇಳುವುದರೊಳಗೆ ಅವನು ಸಲಿಕೆ ಎತ್ತಿಕೊಂಡು ಬೇಲಿ ಹಾರಿದ.

ಸುನಂದಾಗೆ ಬೇರೆ ಅನುಮಾನ ಬಂತು. ಔಷಧಿ ಹೊಡೆಯುವ ಪಂಪಿನ ಮುಚ್ಚಳ ತೆಗೆದಳು. ಕಳೆ ಸುಡುವ ಔಷಧಿಯ, ಅವರ ಮಾತಿನಲ್ಲಿ ಕಸದ ಎಣ್ಣೆಯ, ಘಾಟು ಗಪ್ಪೆಂದು ಮೂಗಿಗೆ ಬಡಿಯಿತು. ಬದುವಿಗೆ ಅದನ್ನು ಹೊಡೆದು, ಪಂಪು ತೊಳೆಯದೆ, ಅದರಲ್ಲೇ ಗುಲಾಬಿಗೆ ಹುಳದ ಔಷಧಿ ಹೊಡೆದಿದ್ದ ಗಂಡ.

ಆಚೆಯಿಂದ ಚೀರಾಟ ಕೇಳಿತು. ಓಡಿ ಹೋದರೆ, ಚನ್ನಬಸಯ್ಯ ದಾಸವಾಳದ ಕುಂಡಗಳ ನಡುವೆ ಬಿದ್ದಿದ್ದ. ಅಡ್ಡ ಹಿಡಿದ ಬಲಗೈ ಮೇಲೆ ಸಲಿಕೆ ಬಿತ್ತು, ಎಲುಬು ಲಟಕ್ಕೆಂದಿತು. ಸಿದ್ಧರಾಮ ಎದೆಗೆ ಒದ್ದ.

“ನಿಮ್ಮ ಕಡಿ ನಾ ಕಾಲ ಸೈತ ಇಟ್ಟಿಲ್ಲೋ, ತಮ್ಮಾ!” ಮುದುಕ ನರಳಿದ.

“ಬಿಡ್ರಿ ಅಜ್ಜಾರನ್ನ!” ಸುನಂದಾ ಕೂಗಿದಳು. “ಪಂಪಿನ್ಯಾಗ ಕಸದ ಎಣ್ಣಿ ವಾಸನಿ ಹೊಡ್ಯಾಕತ್ತೈತಿ. ಗಿಡ ಸುಟ್ಟಾವ್ರು ನೀವ!”

ಸುತ್ತ ನೆರೆದ ಆಳುಗಳೆಲ್ಲ ಕೇಳಿಸಿಕೊಂಡರು. ಸಿದ್ಧರಾಮನ ಮುಖ ಕಪ್ಪಿಟ್ಟಿತು. ತಪ್ಪು ತನ್ನದೆಂದು ಗೊತ್ತಾದರೂ ಸಿಟ್ಟು ಇಳಿಯಲಿಲ್ಲ, ಹೆಂಡತಿಯ ಕಡೆ ತಿರುಗಿತು.

“ಮಂದಿ ಮುಂದ ಮರ್ಯಾದಿ ಕಳೀತಿ?”

ಸಲಿಕೆಯ ಹಿಡಿ ಅವಳ ಕಿವಿಗೆ ಬಡಿಯಿತು. ಕೆಳಗೆ ಬಿದ್ದವಳನ್ನು ಜಡೆ ಹಿಡಿದು ದರದರ ಎಳೆದ. ಸೊಂಟದಲ್ಲಿದ್ದ ಕಸಿ ಚಾಕು ಅವಳ ಕೈಗೆ ಬಂತು. ಎಳೆಯುತ್ತಿದ್ದ ಮುಂಗೈಯನ್ನು ಬಲವಾಗಿ ಗೀರಿದಳು. ರಕ್ತ ಚಿಮ್ಮಿತು. ಅವನು ಅರಚಿ ಕೈಬಿಟ್ಟ.

“ಮತ್ತ ಮುಂದ ಬಂದೆಂದ್ರ ಕುತ್ತಿಗಿ ಕೊಯ್ತೇನಿ, ಸಿದ್ಧರಾಮ.”

ಮದುವೆಯಾದಾಗಿನಿಂದ ಅವಳು ಅವನ ಹೆಸರು ಹಿಡಿದು ಕರೆದಿರಲಿಲ್ಲ. ಅವನು ಬೆಕ್ಕಸಬೆರಗಾಗಿ ನಿಂತಾಗ ಆಳುಗಳು ಹಿಂದಿನಿಂದ ಬಿಗಿಹಿಡಿದರು.

ಆಳುಗಳು ಕರೆಸಿದ ಪೊಲೀಸರು ಅವನನ್ನು ಜೀಪು ಹತ್ತಿಸಿದರು. ಸುನಂದಾ ಮುದುಕನನ್ನು ಟೆಂಪೋದಲ್ಲಿ ಮಲಗಿಸಿ ದವಾಖಾನೆಗೆ ಒಯ್ದಳು. ಕೈಗೆ ರಾಡು ಹಾಕಬೇಕು, ಬೆರಳು ಮೊದಲಿನಂತೆ ಆಡಲಿಕ್ಕಿಲ್ಲ ಎಂದರು ಡಾಕ್ಟರು.

ಅಲ್ಲಿಗೆ ಅತ್ತೆ ಹೊನ್ನವ್ವ ಬಂದಳು. “ಕೈ ಮುಗೀತೇನಿ, ಕೇಸ ಮಾಡಬ್ಯಾಡವ್ವ.”

“ಒಳಗ ಹೋಗಿ ಅಜ್ಜಾರ ಕೈ ನೋಡ್ರಿ, ಅತ್ತಿ. ಆಮ್ಯಾಲ ಹೇಳ್ರಿ.”

ಹೊನ್ನವ್ವ ಒಳಗೆ ಹೋಗಲಿಲ್ಲ. ಸುನಂದಾ ಠಾಣೆಗೆ ಹೋಗಿ, ತಾನು ಚಾಕು ಹಾಕಿದ್ದನ್ನೂ ಬಿಡದೆ ಎಲ್ಲ ಹೇಳಿದಳು. ಆಮೇಲೆ ಏಟು ಬಿದ್ದ ಕಿವಿಗೆ ಸೆರಗು ಒತ್ತಿಕೊಂಡು ಮುದ್ದೇಬಿಹಾಳದ ತವರಿಗೆ ಹೊರಟ ಬಸ್ಸು ಹತ್ತಿದಳು.