ಪಾರಿಶ್ವಾಡದ ಶರತ್ತು

ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಕಿತ್ತು ತ್ರಿವೇಣಿ ಮೇಜಿನ ಮೇಲೆ ಕುಕ್ಕಿದಳು. "ಈಕಿ ಯಾರು?" ಎಂದು ಕೇಳಿದಳು.

ಕಂಪ್ಯೂಟರಿನ ಮುಂದೆ ಕೂತಿದ್ದ ಸುಯೋಗ ಬೆಪ್ಪಾದ. "ನೀವರೀ ಮೇಡಂ. ಮುಂಜಾನಿ ಹಾಡಿದ್ರಲ್ಲಾ, ಅದ ಹಾಡು."

"ನಾನಲ್ಲ. ನನ್ನ ಗಂಟಲಾಗ ಗುಬ್ಬಿ ಗೂಡು ಕಟ್ಟಿಲ್ಲ."

ಸುಯೋಗನದೇನೂ ತಪ್ಪಿಲ್ಲ ಪಾಪ. ಬೆಳಗಾವಿಯ ರಾಮತೀರ್ಥ ನಗರದ ಆ ಸ್ಟುಡಿಯೋದ ಮಾಲೀಕ ಅಜಿತಕುಮಾರ ಹೇಳಿದ್ದಕ್ಕೇ ಅವನು ಕಂಪ್ಯೂಟರಿನಲ್ಲಿ ಅವಳ ದನಿಯನ್ನು ಮೇಲಕ್ಕೆಳೆದು ಸಣ್ಣ ಮಾಡಿದ್ದ. ಬೆಂಗಳೂರಿನ ಆಡಿಯೋ ಕಂಪನಿಯವರೂ ಇದೇ ಕೆಲಸ ಮಾಡಿದ್ದರು. ಅವರು ಹೊರತಂದ ಅವಳ ಮೊದಲ ಆಲ್ಬಮ್ಮಿನ 'ಚಿಟಕಿ ಹೊಡಿ ಚೆಲುವಾ' ಹಾಡು ರಿಕ್ಷಾದಲ್ಲಿ, ಮದುವೆ ಮನೆಯಲ್ಲಿ, ಎಲ್ಲೆಂದರಲ್ಲಿ ಕುಣಿಯಿತು. ಆದರೆ ಅದರಲ್ಲಿದ್ದದ್ದು ದಾರದಂಥ ಸಣ್ಣ ದನಿ. ತ್ರಿವೇಣಿಯ ದನಿಯೋ ದಪ್ಪ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬೆಳೆದ ದನಿ. ತನ್ನ ಹೆಸರಿನಲ್ಲಿ ಊರೆಲ್ಲ ಕೇಳುವ ಹಾಡನ್ನು ಹಾಡಲು ತನಗೇ ಬಾರದು ಅಂದರೆ ಏನು ಹೇಳೋಣ! ಸ್ಟೇಜಿನ ಮೇಲೆ ಹಾಡು ಹಚ್ಚಿಟ್ಟು ಇವಳು ಬರೀ ತುಟಿ ಆಡಿಸಬೇಕು. ಖಾನಾಪುರದಲ್ಲಿ, ತನ್ನ ತಾಲೂಕಿನ ಜನರೆದುರೇ ಹಾಗೆ ತುಟಿ ಆಡಿಸಿ ಬಂದ ದಿನ ಅವಳು ನಾಚಿಕೆಯಿಂದ ಕುಗ್ಗಿ ಅತ್ತಿದ್ದಳು. ಕರಾರು ಮುಗಿದದ್ದೇ ತಡ, ಆ ಕಂಪನಿಗೆ ದೂರದಿಂದಲೇ ಕೈ ಮುಗಿದು ಬೆಳಗಾವಿಗೆ ಬಂದಳು. ಎರಡನೇ ಆಲ್ಬಮ್ಮಿಗೆ 'ಕರಿ ಕಂಬಳಿ' ಎಂದು ಹೆಸರಿಟ್ಟುಕೊಂಡಿದ್ದಳು. ಅದು ತನ್ನ ದನಿಯಲ್ಲೇ ಬರಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಗದ್ದಲ ಕೇಳಿ ಅಜಿತಕುಮಾರ ಒಳಗೆ ಬಂದ. ಅದೇ ಊರಿನ ಶಹಾಪುರ ಪೇಟೆಯ ಹಳೆಯ ಸೀರೆ ವ್ಯಾಪಾರಿಗಳ ಮನೆತನದವನು. ಹಾಡಿನ ಹುಚ್ಚಿಗೆ ಈ ಹೊಸ ಕಂಪನಿ ತೆರೆದಿದ್ದ. ನಿನಗ ಹೆಂಗ ಬೇಕೋ ಹಂಗ ಹಾಡು ಎಂದು ಅವಳನ್ನು ಕರೆತಂದವನೂ ಅವನೇ. ಮೊದಲ ಹಾಡು ಕಿವಿಗೆ ಬಿದ್ದ ಮೇಲೆ ಮಾತ್ರ ಅವನ ಧೈರ್ಯ ಕರಗಿತ್ತು.

"ಸಿಟ್ಟ ಆಗಬ್ಯಾಡ ತಂಗಿ. ಗಿರಾಕಿ ಒಂದು ಬಣ್ಣಾ ಮೆಚ್ಚಿದ್ರ ನಾವು ಅದ ಬಣ್ಣದ ಸೀರಿ ತರಸ್ತೀವಿ. ಜನಾ ಮೆಚ್ಚಿದ ಧ್ವನಿ ಇದು."

"ಸೀರಿ ಬ್ಯಾರೆ, ನಾ ಬ್ಯಾರೆ ರೀ ಕಾಕಾ. ನೀವು ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ, ಖರೇನ. ಆದರ ಆ ದಪ್ಪ ಧ್ವನಿ ಕೇಳಿ ಇಕಿ ತ್ರಿವೇಣಿ ಅಂತ ಗುರುತು ಹಿಡಿಯಾವರು ಯಾರು, ಹೇಳು?"

ಆ ಮಾತು ಚುಚ್ಚಿತು. ಚುಚ್ಚಿದಾಗ ಸುಮ್ಮನಿರುವ ಜಾತಿಯಲ್ಲ ಅವಳು. "ನಮ್ಮ ಕುರಿ ಹಿಡೀತಾವ!" ಎಂದುಬಿಟ್ಟಳು. "ನಾಳಿ ನಮ್ಮೂರಿಗೆ, ಪಾರಿಶ್ವಾಡಕ್ಕ ಬರ್ರಿ. ಎರಡೂ ಧ್ವನಿ ಕೇಳಸೂಣು. ಅವಕ್ಕ ಪ್ಯಾಟಿ ಗೊತ್ತಿಲ್ಲ, ಫ್ಯಾಶನ್ ಗೊತ್ತಿಲ್ಲ. ನನ್ನ ಧ್ವನಿಗೆ ಬಂದ್ವು ಅಂದ್ರ ಆಲ್ಬಂ ನನ್ನ ಧ್ವನಿಯಾಗ. ಈ ಗುಬ್ಬಿ ಧ್ವನಿಗೆ ಬಂದ್ವು ಅಂದ್ರ ನೀವು ಹೇಳಿದಂಗ. ಶರತ್ತು!"

ಅಜಿತಕುಮಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ಕುರಿ ಮಾತು ಕೇಳಿ ವ್ಯಾಪಾರ ಮಾಡಿದ ಮೊದಲನೇ ಸಾವಕಾರ ನಾನ ಆಗ್ತೀನಿ. ನಡಿ, ಹೋಗೂಣು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶರತ್ತು ಬಿದ್ದೇ ಬಿತ್ತು. ಆದರೆ ತ್ರಿವೇಣಿಗೆ ಎಳ್ಳಷ್ಟೂ ಹೆದರಿಕೆ ಇರಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ಕಾರಿನಲ್ಲಿ ಹೊರಟರು. ಖಾನಾಪುರದಲ್ಲಿ ಚಹಾ ಕುಡಿಯಲು ಇಳಿದರೆ ಚಹಾದಂಗಡಿಯ ರೇಡಿಯೋದಲ್ಲಿ 'ಚಿಟಕಿ ಹೊಡಿ ಚೆಲುವಾ'! ಚಹಾ ಸೋಸುತ್ತಿದ್ದ ಹೆಂಗಸು ಮರಾಠಿಯಲ್ಲಿ, "ಕಿತೀ ಗೋಡ ಆವಾಜ!" ಎಂದು ತಲೆದೂಗಿದಳು. ಎಷ್ಟು ಸಿಹಿ ದನಿ ಎಂದು ಆ ದನಿಯವಳ ಮುಂದೆಯೇ ಹೊಗಳುತ್ತಿದ್ದಳು, ಮಹಾತಾಯಿ. ತ್ರಿವೇಣಿ ತನ್ನ ದಪ್ಪ ದನಿಯಲ್ಲಿ, "ಸಕ್ರಿ ಕಡಿಮಿ ಹಾಕ್ರಿ ಬಾಯಾರ" ಎಂದಳು. ಆ ಹೆಂಗಸಿಗೆ ಗುರುತು ಸಿಗಲಿಲ್ಲ. ಅಜಿತಕುಮಾರ ಕಪ್ಪಿನಲ್ಲೇ ಮುಖ ಹುದುಗಿಸಿ ನಕ್ಕ.

ಪಾರಿಶ್ವಾಡ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಊರಾಚೆ, ರಾಶಿ ಮುಗಿದ ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಅವಳ ಅಪ್ಪ ಕರೆಪ್ಪ, ಅವ್ವ ಭರಮವ್ವ ಹೊಲದಂಚಿನ ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಬೀಗರು ಬಂದಂತೆ ಉಪಚರಿಸಿದರು. ಅಣ್ಣ ರಾಮಲಿಂಗ ಹಿಂಡಿನ ಬಾಜೂಕೆ ಕೋಲು ಊರಿ ನಿಂತಿದ್ದ. ಶರತ್ತಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ.

ತ್ರಿವೇಣಿ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತಳು. ಮೊದಲು ಸಣ್ಣಂದಿನಲ್ಲಿ ಕೂಗುತ್ತಿದ್ದಂತೆ ಹೊಟ್ಟೆಯಾಳದಿಂದ ಕೂಗಿದಳು. ಆಮೇಲೆ ದನಿ ಎತ್ತಿ ಹಾಡಿದಳು. ಒಂದು ಟಗರು ಕತ್ತೆತ್ತಿ ನೋಡಿತು. ನೋಡಿ, ಮತ್ತೆ ಮೇಯತೊಡಗಿತು. ಉಳಿದವು ಅಷ್ಟನ್ನೂ ಮಾಡಲಿಲ್ಲ.

"ಈಗ ಇದನ್ನ ಹಚ್ಚೂಣು" ಎಂದು ಅಜಿತಕುಮಾರ ಫೋನು ತೆಗೆದ. ಅಷ್ಟರಲ್ಲಿ ರಾಮಲಿಂಗ ಓಡಿ ಬಂದ. "ಫೋನಿಂದ ಏನ ಕೇಳ್ತದರೀ ಸಾವಕಾರ, ನನ್ನ ಕಡೆ ಸ್ಪೀಕರ್ ಐತಿ" ಎಂದು ಹೆಗಲಿಗೆ ನೇತುಹಾಕಿದ್ದ ಸ್ಪೀಕರನ್ನು ಹಚ್ಚಿ ನೆಲಕ್ಕಿಟ್ಟ.

'ಚಿಟಕಿ ಹೊಡಿ...' ಎಂದು ಹಾಡು ಶುರುವಾದದ್ದೇ ತಡ, ಅಯ್ಯೋ ಶಿವನೇ, ಇಡೀ ಹಿಂಡು ಬ್ಯಾ ಬ್ಯಾ ಎನ್ನುತ್ತ ಧೂಳೆಬ್ಬಿಸಿ ಓಡಿ ಬಂತು! ಕುರಿಗಳೆಲ್ಲ ಸ್ಪೀಕರಿನ ಸುತ್ತ ಒತ್ತರಿಸಿ ನಿಂತವು.

"ನೋಡಿದೀ?" ರಾಮಲಿಂಗನ ಮೀಸೆಯೇ ನಗುತ್ತಿತ್ತು. "ದಿನಾ ನಿನ್ನ ಹಾಡ ಹಚ್ಚಿ ಹೊಡ್ಕೊಂಡು ಹೋಗ್ತೇನಿ. ನಾ ಕೂಗೂದ ಬಿಟ್ಟೇನಿ. ನಮ್ಮ ತಂಗಿ ಹಾಡಿಗೆ ಹಿಂಡು ನಡೀತೈತಿ ಅಂತ ಊರಾಗೆಲ್ಲಾ ಹೇಳ್ಕೋಂತ ಅಡ್ಡಾಡತೇನಿ!"

ತ್ರಿವೇಣಿಗೆ ಅವನ ಬೆನ್ನಿಗೊಂದು ಗುದ್ದಬೇಕು ಅನಿಸಿತು. ಅಪ್ಪಿಕೊಂಡು ಅಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ಅಜಿತಕುಮಾರನ ಕಡೆ ತಿರುಗಿದಳು.

"ಸೋತೆ ರೀ ಕಾಕಾ. ಮಾತಿಗೆ ತಪ್ಪೂದಿಲ್ಲ, ನೀವು ಹೇಳಿದಂಗ ಆಗಲಿ. ಆದರ ಒಂದ ಮಾತು ಕೇಳ್ರಿ. ಇವಕ್ಕ ಆ ಧ್ವನಿ ಹುಟ್ಟಾ ಗೊತ್ತಿತ್ತೇನು? ನಮ್ಮಣ್ಣ ದಿನಾ ಕೇಳಿಸಿ ಕಲಿಸ್ಯಾನ. ಜನಕ್ಕೂ ಬೆಂಗಳೂರಾವರು ಹಂಗ ಕಲಿಸ್ಯಾರ. ಅದನ್ನ ಕಲ್ತಾವರು ಇದನ್ನೂ ಕಲೀತಾರ. ಕಲಿಸಾಕ ನಿಮಗ ಧೈರ್ಯ ಸಾಲವಲ್ದು, ಅಷ್ಟ."

"ಅವರು ಕಲಿಯೂ ತನಕಾ ನನ್ನ ಅಂಗಡಿ ನಡೀಬೇಕಲ್ಲ ತಂಗಿ?" ಎಂದ ಅಜಿತಕುಮಾರ. ಗೆದ್ದ ಖುಷಿ ಅವನ ಮುಖದಲ್ಲಿರಲಿಲ್ಲ.

ಅಷ್ಟರಲ್ಲಿ ಮರದ ಕೆಳಗಿನಿಂದ ಭರಮವ್ವ ಕೂಗಿದಳು: "ಹೊತ್ತು ಮುಳುಗಾಕ ಬಂತು, ಲಗೂನ ಬಂದು ಕುಂದರ್ರಿ ಸಾವಕಾರ! ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಹಾಕಿಲ್ರಿ." ಅಜಿತಕುಮಾರ ಜೈನ. ಹೊತ್ತು ಮುಳುಗಿದರೆ ಮರುದಿನ ಬೆಳಗಾಗುವ ತನಕ ಒಂದು ತುತ್ತೂ ಬಾಯಿಗಿಡುವವನಲ್ಲ. ಹುಟ್ಟಿದಾಗಿನಿಂದ ಮುರಿಯದ ನೇಮ. ಅವನು ಲಗುಬಗೆಯಿಂದ ಹೋಗಿ ಕೈ ತೊಳೆದು ರೊಟ್ಟಿ, ಹೆಸರುಕಾಳು ಪಲ್ಯದ ಮುಂದೆ ಕೂತ.

ತ್ರಿವೇಣಿ ಹಿಂಡಿನ ಹತ್ತಿರ ಇಳಿದಳು. ಸ್ಪೀಕರು ಇನ್ನೂ ಹಾಡುತ್ತಲೇ ಇತ್ತು. ತಂಗಿಯ ಮೋರೆ ನೋಡಿ ರಾಮಲಿಂಗ ಅದನ್ನು ಬಂದ್ ಮಾಡಲು ಬಗ್ಗಿದ.

"ಬಂದ್ ಮಾಡಬ್ಯಾಡ. ಇರಲಿ" ಎಂದಳು.

ಯಾರಿಗೆ ಬೇಕಾಗಿತ್ತು ಇನ್ನು ತನ್ನ 'ಕರಿ ಕಂಬಳಿ' ಹಾಡು? ಶರತ್ತು ಸೋತಾಗಿತ್ತು, ಆಲ್ಬಂ ಕೈ ಬಿಟ್ಟಾಗಿತ್ತು. ನಾಳೆ ಸುಯೋಗ ಇದನ್ನೂ ದಾರ ಮಾಡುತ್ತಾನೆ. ಹಾಗಾದರೆ ಇವತ್ತೊಂದು ದಿನವಾದರೂ ಇದು ನನ್ನದು ಎಂದುಕೊಂಡಳು. ಕಾಲು ಅಗಲಿಸಿ ನಿಂತು, ತನ್ನ ಹೆಸರಿನ ಆ ಸಣ್ಣ ದನಿಗೆ ಎದುರಾಗಿ ಹಾಡಿದಳು:

"ಕರಿಯ ಕಂಬಳಿ ನಂದು, ತೊಳೆದರ ಬಿಳುಪಾಗದು
ಬಿಸಿಲಿಗೆ ಇದ ನೆರಳು, ಮಳಿಗೆ ಇದ ಮನಿ..."

ಕುರಿಗಳು ಸ್ಪೀಕರು ಬಿಟ್ಟು ಕದಲಲಿಲ್ಲ. ಅವಳೂ ಬಿಡಲಿಲ್ಲ. ದನಿ ಏರಿಸಿದಳು. ಗಂಟಲು ಉರಿಯಿತು, ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಆದರೂ ಎರಡನೇ ನುಡಿ ಎತ್ತಿಕೊಂಡಳು. ಅಲ್ಲಿ ಒಂದು ಕಡೆ ಉಸಿರು ಸಾಲದೆ ದನಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಒಡೆದ ದನಿಯಲ್ಲೇ ಮುಂದಿನ ಸಾಲಿಗೆ ಹೋದಳು. ಹಾಡು ಮುಗಿಯಿತು. ಒಂದೇ ಒಂದು ಕುರಿಯೂ ಇವಳತ್ತ ತಿರುಗಿ ನೋಡಿರಲಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದರೆ ಬದುವಿನ ಮೇಲೆ ಅಜಿತಕುಮಾರ ನಿಂತಿದ್ದ. ಬಲಗೈ ಬೆರಳಿಗೆ ಪಲ್ಯ ಅಂಟಿಕೊಂಡು ಒಣಗಿತ್ತು. ಅವನ ಹಿಂದೆ ಹೊತ್ತು ಪೂರ್ತಿ ಮುಳುಗಿತ್ತು.

"ಕಾಕಾ! ಊಟಾ ಬಿಟ್ಟು ಎದ್ದು ಬಂದ್ರಿ?"

"ಅರ್ಧಾ ರೊಟ್ಟೀನೂ ತಿಂದಿಲ್ಲ ನನ್ನಪ್ಪ" ಎಂದು ಅತ್ತ ಭರಮವ್ವ ಹಲುಬುತ್ತಿದ್ದಳು. "ರಾತ್ರಿಯೆಲ್ಲಾ ಉಪಾಸ ಆತಲ್ರಿ!"

ಅಜಿತಕುಮಾರ ತನ್ನ ಕೈಯನ್ನು ಈಗಷ್ಟೇ ಕಂಡವನಂತೆ ನೋಡಿಕೊಂಡ. ಆಮೇಲೆ, "ಆ ಸ್ಪೀಕರ್ ಬಂದ್ ಮಾಡೋ ರಾಮಲಿಂಗ" ಎಂದ. "ತಂಗಿ, ಶರತ್ತು ನೀ ಸೋತಿ, ಅದರಾಗೇನ ಎರಡು ಮಾತಿಲ್ಲ. ಆದರ ಸುಯೋಗಗ ಹೇಳ್ತೀನಿ, ಇನ್ನ ಮ್ಯಾಲೆ ನಿನ್ನ ಧ್ವನೀಗೆ ಕೈ ಹಚ್ಚಬ್ಯಾಡ ಅಂತ. ಆ ಒಡದದ್ದೂ ಹಂಗ ಇರಲಿ."

ತ್ರಿವೇಣಿ ಬದುವಿನ ಹತ್ತಿರ ಬಂದಳು.

ಅವನು ಬದುವಿನ ಮೇಲೆ ಕಾಲು ಚಾಚಿ ಕೂತ. "ಆ ಎರಡನೇ ನುಡಿ ಇನ್ನೊಮ್ಮೆ ಹಾಡು. ನನ್ನ ಊಟಾ ಅಂತೂ ಮುಗೀತು."