ಲಕ್ಕವಳ್ಳಿಗೆ ಭಾನುವಾರದ ಬಸ್ಸು

ಯಶೋದಾ ಅಜ್ಜಂಪುರದ ಈ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಇಷ್ಟು ದಿನದಲ್ಲಿ ಗಂಡನ ಮಕ್ಕಳಿಬ್ಬರೂ ಒಮ್ಮೆಯೂ ಆಕೆಗೆ ಎದುರು ಮಾತಾಡಿರಲಿಲ್ಲ, ತಟ್ಟೆ ತಳ್ಳಿ ಎದ್ದಿರಲಿಲ್ಲ, ಬಾಗಿಲು ದಢಾರನೆ ಹಾಕಿಕೊಂಡಿರಲಿಲ್ಲ. "ಪುಣ್ಯ ಮಾಡಿದೀಯ ಕಣೇ" ಎಂದು ತರೀಕೆರೆಯ ಆಫೀಸಿನಲ್ಲಿ ಪಕ್ಕದ ಮೇಜಿನವರು ಹೇಳುವಾಗಲೆಲ್ಲ ಆಕೆಗೆ ಅಳು ಬರುತ್ತಿತ್ತು. ಹದಿಹರೆಯದ ಮಕ್ಕಳು ಅಷ್ಟೊಂದು ಒಳ್ಳೆಯವರಾಗಿರುವುದು ನೆಂಟರ ಮನೆಯಲ್ಲಿ ಮಾತ್ರ.

ಎಡವಟ್ಟು ಮಾಡಿದ್ದು ಅತ್ತೆ ವಿಮಲಮ್ಮ. ಮೃತ್ಯುಂಜಯ ಮೊದಲ ಹೆಂಡತಿ ತೀರಿಕೊಂಡ ಮೂರು ವರ್ಷಕ್ಕೆ ಯಶೋದಾಳನ್ನು ಮದುವೆಯಾಗಿ ಕರೆತಂದ ದಿನ, ಮುದುಕಿ ಮೊಮ್ಮಕ್ಕಳನ್ನು ಹೊಸಿಲ ಹತ್ತಿರವೇ ತಡೆದು, "ಮರ್ಯಾದೆ ಕೊಟ್ಟು ಮಾತಾಡಿಸ್ಬೇಕು, ತಿಳೀತಾ?" ಎಂದಿದ್ದಳು. ಉದ್ದೇಶವೇನೋ ಒಳ್ಳೆಯದೇ. ಆದರೆ ಆ ಕಡೆ ಹೆತ್ತ ತಾಯಿಯನ್ನು ಯಾರೂ 'ನೀವು' ಅನ್ನುವುದಿಲ್ಲ. ಬಾ, ಕೊಡು, ಬಡಿಸು, ಎಲ್ಲಿ ಹಾಳಾಗಿ ಹೋಗಿದ್ದೆ, ಇಷ್ಟೇ. 'ನೀವು' ಏನಿದ್ದರೂ ಮೇಷ್ಟರಿಗೆ, ಬ್ಯಾಂಕಿನವರಿಗೆ, ಅಪರೂಪಕ್ಕೆ ಬಂದವರಿಗೆ. ಹದಿನಾರರ ಶ್ರುತಿ ಅಂದಿನಿಂದ 'ಬನ್ನಿ, ಕೊಡಿ, ಪರವಾಗಿಲ್ಲ ಬಿಡಿ' ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಹದಿಮೂರರ ಕಲ್ಲೇಶ ಒಮ್ಮೊಮ್ಮೆ 'ಬಾ' ಎಂದು ಬಾಯಿ ತೆರೆದು, ಅಕ್ಕನ ಮುಖ ನೋಡಿ 'ಬನ್ನಿ' ಎಂದು ಮುಗಿಸುತ್ತಿದ್ದ. ಅಮ್ಮ ಎಂದೂ ಕರೆಯುತ್ತಿರಲಿಲ್ಲ, ಚಿಕ್ಕಮ್ಮ ಎಂದೂ ಇಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಿದ್ದರು. ಯಶೋದಾಳಿಗೆ ಬೇಕಾಗಿದ್ದದ್ದು ಅದೊಂದೇ 'ಬಾ'. ನನಗೆ ಮರ್ಯಾದೆ ಕೊಡಬೇಡಿ ಎಂದು ಯಾವ ಬಾಯಲ್ಲಿ ಕೇಳುವುದು?

ಬೆಳೆದ ಮಕ್ಕಳ ಜೊತೆ ರಜೆಯ ದಿನ ಹೊರಗೆ ಸುತ್ತಾಡಿದರೆ ಸಲಿಗೆ ತಾನಾಗಿ ಬೆಳೆಯುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಯಾರೋ ಡಾಕ್ಟರು ಹೇಳಿದ್ದನ್ನು ಕೇಳಿ, ಬುಧವಾರ ರಾತ್ರಿ ಊಟಕ್ಕೆ ಕೂತಾಗ ಆಕೆ ಮಾತು ತೆಗೆದಳು.

"ಈ ಭಾನ್ವಾರ ಎಲ್ಲಿಗಾದ್ರೂ ಹೋಗಣ್ವಾ?"

"ಎಮ್ಮೆದೊಡ್ಡಿ!" ಎಂದ ಕಲ್ಲೇಶ. "ಹುಲ್ಲು ಕಾವಲಲ್ಲಿ ಅಮೃತ್‌ಮಹಲ್ ಹೋರಿ ನೋಡ್ಬೋದು. ಕೊಂಬು ಇಷ್ಟುದ್ದ ಇರ್ತವೆ."

"ದನ ನೋಡಕ್ಕೆ ಕಡೂರು ದಾಟಿ ಹೋಗ್ಬೇಕೇನೋ ಲೇ?" ಎಂದು ತಮ್ಮನಿಗೆ ಗದರಿದ ಶ್ರುತಿ, ಯಶೋದಾಳ ಕಡೆ ತಿರುಗಿದಾಗ ದನಿಯನ್ನೇ ಬದಲಿಸಿದಳು. "ನಿಮಗೆ ಎಲ್ಲಿ ಅನುಕೂಲನೋ ಅಲ್ಲಿಗೇ ಹೋಗೋಣ."

"ಬುಕ್ಕಾಂಬುಧಿ ಕೆರೆ?" ಎಂದಳು ಯಶೋದಾ.

"ಅಲ್ಲೇನಿದೆ?" ಎಂದ ಕಲ್ಲೇಶ.

"ನೀರಿದೆ" ಎಂದ ಮೃತ್ಯುಂಜಯ, ತಟ್ಟೆಯಿಂದ ತಲೆ ಎತ್ತದೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಬಿಟ್ಟು ತಾನಂತೂ ಬರುವ ಹಾಗಿಲ್ಲ ಎಂದೂ ಹೇಳಿ ಕೈ ತೊಳೆದುಕೊಂಡ.

ಕೊನೆಗೆ ಲಕ್ಕವಳ್ಳಿ ಡ್ಯಾಮು ಎಂದು ತೀರ್ಮಾನವಾಯಿತು. ತೀರ್ಮಾನವಾಯಿತು ಅನ್ನುವುದಕ್ಕಿಂತ ಮೂವರಿಗೂ ಸಾಕಾಯಿತು ಅನ್ನಬೇಕು. "ತರೀಕೆರೆಯಿಂದ ಒಂಬತ್ತೂಕಾಲಿಗೆ ಬಸ್ಸಿದೆ. ದಿನಾ ನನ್ನ ಕಣ್ಮುಂದೆನೇ ಹೋಗುತ್ತೆ" ಎಂದು ಯಶೋದಾ ಧೈರ್ಯವಾಗಿ ಹೇಳಿದಳು.

ವಾರಕ್ಕೊಂದೇ ದಿನ ಏಳು ಗಂಟೆಯ ತನಕ ಮಲಗುವ ಭಾಗ್ಯವಿದ್ದವಳು ಆ ಭಾನುವಾರ ಐದಕ್ಕೇ ಎದ್ದು ಪುಳಿಯೋಗರೆ ಕಲೆಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಡಬ್ಬಿ ಕಟ್ಟಿದಳು. ಎಂಟೂವರೆಗೆಲ್ಲ ಮೂವರೂ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿದ್ದರು. ಒಂಬತ್ತೂಕಾಲಾಯಿತು. ಒಂಬತ್ತೂವರೆಯಾಯಿತು. ಹತ್ತೂ ಆಯಿತು. ಕಂಬದ ಪಕ್ಕ ಹೂವು ಮಾರುವ ಈರಕ್ಕ ದಿನವೂ ಆಕೆಯನ್ನು ನೋಡುತ್ತಿದ್ದವಳು.

"ಇವತ್ತೇನಮ್ಮಾ, ರಜಾ ದಿನಾನೂ ಬಂದ್ಬಿಟ್ಟೆ?"

"ಲಕ್ಕವಳ್ಳಿ ಬಸ್ಸು ಬರ್ಲಿಲ್ವಲ್ಲ ಈರಕ್ಕ."

"ಅಯ್ಯೋ, ಅದು ಇಸ್ಕೂಲು, ಆಫೀಸು ಇದ್ದ ದಿನ ಮಾತ್ರ ಕಣಮ್ಮಾ. ಇನ್ನು ಹನ್ನೊಂದೂವರೆಗೇ."

ಯಶೋದಾಳಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಎಂಟು ವರ್ಷದಿಂದ ಈ ಬಸ್‌ಸ್ಟ್ಯಾಂಡಿನಲ್ಲಿ ಹತ್ತಿ ಇಳಿದಿದ್ದಾಳೆ, ಆದರೆ ಭಾನುವಾರ ಒಂದು ದಿನವೂ ಕಾಲಿಟ್ಟವಳಲ್ಲ. ಮಕ್ಕಳಿಗೆ ಖುಷಿಯಾಗಲೆಂದು ಊರೆಲ್ಲ ಯೋಚಿಸಿ ಕೊನೆಗೆ ಕರೆತಂದು ಕೂರಿಸಿದ್ದು ತಾನು ವಾರವಿಡೀ ಕೂತು ಬೇಸತ್ತ ಇದೇ ಸಿಮೆಂಟು ಬೆಂಚಿನ ಮೇಲೆ.

"ಪರವಾಗಿಲ್ಲ ಬಿಡಿ" ಎಂದಳು ಶ್ರುತಿ.

ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಯಶೋದಾ ಡಬ್ಬಿ ತೆರೆದಳು. ಇಬ್ಬರೂ "ಆಮೇಲೆ" ಎಂದರು. ಕಲ್ಲೇಶ ಗೋಬಿ ತಿಂದು ಬರುತ್ತೇನೆಂದು ಎದುರಿನ ಗಾಡಿಗೆ ಹೋದ. ಕೂತವರ ನಡುವೆ ಡಬ್ಬಿಯ ಚೀಲ ಮಾತ್ರ ಉಳಿಯಿತು.

"ಬೇಜಾರಾಗಿದ್ರೆ ಬೈದ್ಬಿಡು ಶ್ರುತಿ. ಮನಸಲ್ಲಿಟ್ಕೋಬೇಡ."

"ಹಂಗೆಲ್ಲ ಬೈಯಕ್ಕಾಗುತ್ತಾ?" ಶ್ರುತಿ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ನೀವೇನು ನಮಗೆ ಬೈತೀರಾ? ಮೊನ್ನೆ ನಾನು ಟ್ಯೂಷನ್ ತಪ್ಪಿಸಿದ್ದು ನಿಮಗೆ ಗೊತ್ತಾಯ್ತು. ಕಾಫಿ ಬೇಕಾ ಅಂತ ಕೇಳಿದ್ರಿ. ನಮ್ಮಮ್ಮ ಆಗಿದ್ರೆ ಪೊರಕೆ ತಗೊಂಡಿರೋಳು."

ನಿಜ, ಯಶೋದಾ ಅಂದು ಕಾಫಿ ಬೇಕಾ ಎಂದೇ ಕೇಳಿದ್ದಳು. ಮಲತಾಯಿ ಅನ್ನಿಸಿಕೊಂಡೇನೆಂಬ ಭಯಕ್ಕೆ ಹದಿನಾಲ್ಕು ತಿಂಗಳಿಂದ ಏರುದನಿಯಲ್ಲಿ ಒಂದು ಮಾತೂ ಆಡಿರಲಿಲ್ಲ. ಬೇಲಿಗೆ ಒಂದು ಕಡೆಯಿಂದ ಅವರು ಗೂಟ ಹೊಡೆದಿದ್ದರೆ ಇನ್ನೊಂದು ಕಡೆಯಿಂದ ತಾನೂ ಹೊಡೆಯುತ್ತಲೇ ಬಂದಿದ್ದಾಳೆ. ಅದನ್ನು ಈಗ ಬಾಯಿಬಿಟ್ಟು ಹೇಳಲು ಆಕೆಯಲ್ಲಿ ತ್ರಾಣವಿರಲಿಲ್ಲ. ಕಂಬಕ್ಕೆ ತಲೆಯಾನಿಸಿದಳು. ಐದು ಗಂಟೆಗೆ ಬಿಟ್ಟುಬಂದ ನಿದ್ದೆ ಹುಡುಕಿಕೊಂಡು ಬಂದಿತು.

ಎಚ್ಚರವಾದದ್ದು ಹಾರನ್ ಸದ್ದಿಗೆ. ಲಕ್ಕವಳ್ಳಿ ಬೋರ್ಡಿನ ಬಸ್ಸು ಬಂದು ನಿಂತಿತ್ತು. ಇಡೀ ಬಸ್‌ಸ್ಟ್ಯಾಂಡು ಅದರ ಬಾಗಿಲಿಗೆ ಮುಗಿಬಿದ್ದಿತ್ತು. ಕಲ್ಲೇಶ ಮತ್ತೆ ಗೋಬಿ ಗಾಡಿಯ ಹತ್ತಿರ, ಶ್ರುತಿ ಬೆಂಚಿನ ಬಳಿ ಬಗ್ಗಿಕೊಂಡು ಏನೋ ಮಾಡುತ್ತಿದ್ದಾಳೆ. ಯಶೋದಾ ಚೀಲ ಹೆಗಲಿಗೆ ಹಾಕಿ ನುಗ್ಗಿದಳು. ಬಾಗಿಲ ಕಂಬಿ ಹಿಡಿದು ತಿರುಗಿದವಳಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಬಂತು.

"ಲೇ ಕಲ್ಲೇಶಾ! ಅದೇನು ಮೇಯ್ತಾ ನಿಂತಿದೀಯೋ, ಬಾರೋ ಬೇಗ! ಶ್ರುತೀ, ನಿನಗೆ ಬೇರೆ ಹೇಳ್ಬೇಕೇನೇ? ಮೂರು ಗಂಟೆ ಹೊತ್ತಿಂದ ಕಾದಿರೋದು ಈ ದರಿದ್ರ ಬಸ್ಸಿಗೆ ತಾನೇ? ಎದ್ದು ಬಾರೇ!"

ಈರಕ್ಕ ಹೂವು ಕಟ್ಟುವುದನ್ನು ಬಿಟ್ಟು ನೋಡಿದಳು. ಕಲ್ಲೇಶ ತಟ್ಟೆ ಎಸೆದು ಓಡಿಬಂದ. ಶ್ರುತಿಯ ಮುಖ ಕೆಂಪೇರಿತು. ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ತೋರಿಸಿ, ಅಷ್ಟೂ ಜನರ ಎದುರಿಗೆ ಕಿರುಚಿದಳು.

"ಇರು ಬತ್ತೀನಿ, ಕೂಗ್ಬೇಡ! ಚಪ್ಲಿ ಕಿತ್ತೋಗಿದೆ, ಕಾಣ್ಸಲ್ವಾ ನಿನಗೆ?"

ತಾನೇನು ಅಂದೆನೆಂಬ ಪರಿವೆ ಅವಳಿಗಿರಲಿಲ್ಲ. ಮತ್ತೆ ಬಗ್ಗಿ ಪಟ್ಟಿಗೆ ಪಿನ್ನು ಚುಚ್ಚತೊಡಗಿದಳು.

ಯಶೋದಾ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಹಿಂದಿನವರು ನೂಕಿದರು. "ಹತ್ತಮ್ಮಾ, ಇಲ್ಲ ಇಳಿಯಮ್ಮಾ, ಹೊತ್ತಾಯ್ತು" ಎಂದು ಕಂಡಕ್ಟರ್ ಸಿಡುಕಿದ.

"ಬಿಡಲ್ಲ ಕಣ್ರೀ" ಎಂದಳು ಯಶೋದಾ. ಬಾಗಿಲ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ನನ್ನ ಮಗಳು ಇರು ಅಂದಿದಾಳೆ."