ಅಲ್ಸೀಡನ ನೂರಿಪ್ಪತ್ತೆಂಟು ಪೌಂಡು

ಬೆಳಗ್ಗೆ ಏಳಕ್ಕೆ ನನ್ನ ಗಂಡ ಅಲ್ಸೀಡ್ ಬಚ್ಚಲಿನ ತೂಕದ ಯಂತ್ರ ಹತ್ತುತ್ತಿದ್ದ. ಐದೇ ನಿಮಿಷಕ್ಕೆ ಆಸ್ಪತ್ರೆಯ ನರ್ಸ್ ಮಿಸ್ ಡಾರ್ಲೀನ್ ಫೋನ್ ಮಾಡಿ ಅಂಕಿ ಕೇಳುತ್ತಿದ್ದಳು. ಅವನ ಹೃದಯ ಸೋತಿತ್ತು. ಎರಡು ದಿನದಲ್ಲಿ ಮೂರು ಪೌಂಡು ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದೇ ಅರ್ಥ, ತಕ್ಷಣ ಹೇಳಿ, ಮೂತ್ರದ ಮಾತ್ರೆ ಹೆಚ್ಚಿಸುತ್ತೇವೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

ಆ ಮಾತ್ರೆಯನ್ನು ಯಾರೂ ನಮಗೆ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಅಲ್ಸೀಡ್ ಲೂಯಿಸಿಯಾನಾದ ರೇಸುಗಳಲ್ಲಿ ಇಪ್ಪತ್ತೆರಡು ವರ್ಷ ಜಾಕಿಯಾಗಿದ್ದ. ನಾನು ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದೆ. ರೇಸಿನ ದಿನ ಪಶುವೈದ್ಯರು ಬಂದು ಕುದುರೆಯ ಕುತ್ತಿಗೆಗೆ ಅದೇ ಮದ್ದು ಚುಚ್ಚುತ್ತಿದ್ದರು, ಓಡುವಾಗ ಶ್ವಾಸಕೋಶದಲ್ಲಿ ರಕ್ತನಾಳ ಒಡೆಯದಿರಲಿ ಎಂದು. ಅದಕ್ಕೆ ಕಾನೂನಿನ ಒಪ್ಪಿಗೆಯಿತ್ತು. ರೇಸ್ ಪುಸ್ತಕದಲ್ಲಿ ಕುದುರೆಯ ಹೆಸರಿನ ಪಕ್ಕ ಅದಕ್ಕೊಂದು ಅಕ್ಷರವೂ ಅಚ್ಚಾಗುತ್ತಿತ್ತು. ಅರ್ಧ ಗಂಟೆಯೊಳಗೆ ಕುದುರೆ ಕಾಲಡಿಯ ಹುಲ್ಲನ್ನೆಲ್ಲ ತೋಯಿಸಿಬಿಡುತ್ತಿತ್ತು. ತೂಕ ಇಳಿಸಲು ಅದನ್ನೇ ಜಾಕಿ ಮಾತ್ರ ಕಕ್ಕಸಿನಲ್ಲಿ ಕದ್ದು ನುಂಗಬೇಕು. ಸಿಕ್ಕಿಬಿದ್ದರೆ ಕೆಲಸವೇ ಹೋಯಿತು. ರೇಸ್ ಮುಗಿದ ಮೇಲೆ ನಾನು ಕುದುರೆಯನ್ನು ನಡೆಸುತ್ತ ಸುತ್ತಿಗೊಂದು ಗುಟುಕು ನೀರು ಕುಡಿಸುತ್ತಿದ್ದೆ. ಗಂಡ ಕಾಲು ಸೆಳೆದು ನೆಲದ ಮೇಲೆ ಬಿದ್ದಿರುತ್ತಿದ್ದ. ನಾಳೆಯ ತೂಕಕ್ಕೆ ಹೆದರಿ ನೀರು ಬೇಡವೆನ್ನುತ್ತಿದ್ದ, ಮಂಜುಗಡ್ಡೆಯ ಚೂರು ಚೀಪುತ್ತಿದ್ದ.

ಮಾತ್ರೆ ತಂದುಕೊಡುತ್ತಿದ್ದವಳು ನಾನೇ. ನಮ್ಮಮ್ಮನ ಕಾಲು ಬಾತಿದೆ ಎಂದು ಸುಳ್ಳು ಹೇಳಿ ಅವಳ ಡಾಕ್ಟರಿಂದ ಬರೆಸಿಕೊಳ್ಳುತ್ತಿದ್ದೆ. ಈಗ ಯಾರನ್ನು ಬೈಯಲಿ?

ಆ ವಾರವಿಡೀ ಅವನು ಫೋನಿನಲ್ಲಿ ಹೇಳಿದ್ದು ಒಂದೇ ಅಂಕಿ: ನೂರಿಪ್ಪತ್ತೆಂಟು. ಆದರೆ ಭಾನುವಾರ ಚಪ್ಪಲಿ ಕಾಲಿಗೆ ಹೋಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ನಿದ್ದೆ. ಕೇಳಿದರೆ, "ನಿನ್ನ ಏಡಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಕಣೇ" ಎಂದು ನನ್ನ ತಲೆಗೇ ಕಟ್ಟಿದ.

ಮಂಗಳವಾರ ಬಚ್ಚಲಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಯಂತ್ರದ ಮೇಲೆ ನಿಂತಿದ್ದಾನೆ, ಅಂಗೈ ಸಿಂಕಿನ ಅಂಚಿನ ಮೇಲೆ ಊರಿದೆ. ಮುಳ್ಳು ನೂರಿಪ್ಪತ್ತೆಂಟಕ್ಕೆ ಬಂದು ನಿಲ್ಲುವಷ್ಟೇ ಒತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ರೇಸಿಗೆ ಮುಂಚೆ ಜಾಕಿಗಳನ್ನು ತೂಗುವ ಗುಮಾಸ್ತನ ಕಣ್ಣಿಗೆ ಮಣ್ಣೆರಚಲು ಹಳೇ ಜಾಕಿಗಳು ಕಲಿತಿದ್ದ ವಿದ್ಯೆ ಅದು. ಅವನ ಕೈ ಎಳೆದುಹಾಕಿದೆ. ಮುಳ್ಳು ನೂರಮೂವತ್ತೊಂಬತ್ತಕ್ಕೆ ಹಾರಿತು.

"ಯಾರಿಗೆ ಟೋಪಿ ಹಾಕ್ತಿದೀಯ, ಮುದುಕಾ? ಇಲ್ಲಿ ಯಾವ ಗುಮಾಸ್ತ ಕೂತಿದಾನೆ?"

"ಜಾಸ್ತಿ ಹೇಳಿದ್ರೆ ಕುದುರೆ ಕೊಡಲ್ಲ ಕಣೇ" ಎಂದುಬಿಟ್ಟ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ನನಗೆ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಷ್ಟರಲ್ಲಿ ಫೋನ್ ಬಂತು. ಅವನು ಕೈ ಚಾಚುವ ಮೊದಲೇ ಎತ್ತಿಕೊಂಡೆ.

"ನೂರಮೂವತ್ತೊಂಬತ್ತು, ಮಿಸ್ ಡಾರ್ಲೀನ್. ವಾರದಿಂದ ಸುಳ್ಳು ಹೇಳ್ತಿದಾನೆ."

"ಅಯ್ಯೋ ದೇವ್ರೇ! ಈಗ್ಲೇ ಕರ್ಕೊಂಡ್ ಬನ್ನಿ."

ಕಾರಿನಲ್ಲಿ ಅವನು ಆಡಿದ್ದು ಒಂದೇ ಮಾತು: "ಚಾಡಿ ಹೇಳಿದ್ಯಲ್ಲ."

ಆಸ್ಪತ್ರೆಯಲ್ಲಿ ಅದೇ ಮದ್ದನ್ನು ನರಕ್ಕೆ ಚುಚ್ಚಿದರು. ಕೈ ಅಲುಗದಂತೆ ಹಿಡಿದುಕೊಳ್ಳಿ ಎಂದರು, ಹಿಡಿದುಕೊಂಡೆ. ಕುದುರೆಗಳನ್ನು ಎಷ್ಟೋ ಸಲ ಹಾಗೆ ಹಿಡಿದಿದ್ದೆ. ಮಂಚದ ಪಕ್ಕ ತೂಗುಹಾಕಿದ್ದ ಮೂತ್ರದ ಚೀಲವನ್ನೇ ನೋಡುತ್ತ ಕೂತೆ. ಮಧ್ಯಾಹ್ನದವರೆಗೆ ಮೂರು ಸಲ ಚುಚ್ಚಿದರೂ ತಳ ಒದ್ದೆಯಾದದ್ದಷ್ಟೇ. ಮೂತ್ರಪಿಂಡಗಳು ಆ ಮಾತ್ರೆ ನುಂಗುತ್ತಿದ್ದ ಕಾಲದಲ್ಲೇ ಸವೆದುಹೋಗಿವೆ, ರಕ್ತ ಸೋಸುವ ಯಂತ್ರಕ್ಕೆ ಹಾಕಿದರೆ ಈ ಹೃದಯ ತಡೆಯುವುದಿಲ್ಲ ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, ಕೊನೆಯ ಪ್ರಾರ್ಥನೆಗೆ ಪಾದ್ರಿಯನ್ನು ಕರೆಸಲೇ ಎಂದು ಕೇಳಿದರು.

ಅಲ್ಸೀಡ್ ಕಣ್ಣು ತೆರೆದ. "ಜೆಲಿಯಾ, ಎಷ್ಟಕ್ಕಿಳೀತು?"

"ನೂರಿಪ್ಪತ್ತೆಂಟು" ಎಂದೆ.

ಅವನ ಮುಖ ಅರಳಿತು.

"ಹಂಗಾದ್ರೆ ಜೀನು ಹಾಕ್ಸು" ಎಂದ.